ಗಾಳೆಪ್ಪ ಊದಿಟ್ಟ ಚೆಂಡು

ಕಂದೀಲಿನ ಬತ್ತಿ ಸ್ವಲ್ಪ ಇಳಿಸ್ರಿ. ಇಷ್ಟು ಬೆಳಕಿದ್ದರೆ ನನಗೆ ಬಾಯಿ ಬರೋದಿಲ್ಲ. ನಗುವವರು ಈಗಲೇ ನಕ್ಕು ಮುಗಿಸಿಬಿಡ್ರಿ. ನಡುವೆ ನಕ್ಕರೆ ಎದ್ದು ಹೋಗೋನು ನಾನು, ನನ್ನ ಸಿಟ್ಟು ನಿಮಗೆ ಗೊತ್ತೇ ಇದೆ.

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗ ಬಸ್ಸಪ್ಪಣ್ಣನಿಗೆ ಆದದ್ದು. ಕೊನೆಗೆ ನಾನೂ ಅಲ್ಲಿದ್ದೆ. ಅದನ್ನ ಆಮೇಲೆ ಹೇಳ್ತೀನಿ.

ಆಗ ನಿಜಾಮನ ರಾಜ್ಯ. ಜಪಾನಿನ ಲಡಾಯಿ ಇನ್ನೂ ಮುಗಿದಿರಲಿಲ್ಲ. ಲೆವಿ ಅಂತ ಸರಕಾರ ಊರೂರಿನ ಜೋಳ ಎತ್ತಿಸ್ತಿತ್ತು. ಬಸ್ಸಪ್ಪಣ್ಣ ಲಿಂಗಸುಗೂರಿನ ಗೋದಾಮಿನಲ್ಲಿ ಆ ಜೋಳದ ಚೀಲ ಹೊರುವ ಹಮಾಲ. ನಮ್ಮೂರು ಅಲ್ಲಿಂದ ಮಸ್ಕಿ ದಾರಿ ಹಿಡಿದು ಒಂದು ಹರದಾರಿ. ಅವತ್ತು ಸಿಂಧನೂರು ಕಡೆಯ ಬಂಡಿಗಳು ಹೊತ್ತು ಮುಳುಗಿದ ಮೇಲೆ ಬಂದವು. ಚೀಲ ಇಳಿಸಿ ಮುಗಿಸೋ ಹೊತ್ತಿಗೆ ದಂಡಿನ ಛಾವಣಿಯಲ್ಲಿ ಹತ್ತರ ಗಂಟೆ ಹೊಡೆದಿತ್ತು. ಕಾರಹುಣ್ಣಿಮೆ ಆಗಿ ಆರನೇ ರಾತ್ರಿ. ಚಂದ್ರ ಇನ್ನೂ ಹುಟ್ಟಿರಲಿಲ್ಲ.

ಊರು ಹತ್ತಿರ ಬಂದಾಗ ದಾರಿಯ ಎಡಕ್ಕೆ ನಮ್ಮ ಕೇರಿಯವರ ಬಾವಿ. ಬಾವಿಯ ಮಗ್ಗುಲಲ್ಲಿ ಆಲದ ಮರ. ಮರದ ಆಚೆ ನಮ್ಮ ಕೇರಿಯವರನ್ನು ಮಣ್ಣು ಮಾಡುವ ಜಾಗ. ಕುಡಿಯೋ ನೀರೂ ಹೆಣ ಹೂಳೋ ನೆಲವೂ ನಮಗೆ ಒಂದೇ ಕಡೆ ಕೊಟ್ಟಿದ್ದರು ಊರ ದೊಡ್ಡವರು... ಇರಲಿ ಬಿಡ್ರಿ, ಅದು ಬೇರೆ ಕತೆ.

ಬಸ್ಸಪ್ಪಣ್ಣ ಬಾವಿ ದಾಟಿದ. ಎಲೆ ಅಲುಗ್ತಿರಲಿಲ್ಲ. ಹುಳ ಕೂಡ ಚಿರ್ ಅಂತಿರಲಿಲ್ಲ.

ಆಗ ಕೇಳಿಸ್ತು.

ಸ್‌ಸ್‌ಸ್... ಅಂತ ಒಳಕ್ಕೆ ಎಳೆದುಕೊಂಡ ಹಾಗೆ. ಆಮೇಲೆ ಏನೂ ಇಲ್ಲ. ಇವನು ನಿಂತ. ಎಷ್ಟೋ ಹೊತ್ತಿನ ಮೇಲೆ... ಹುಫ್... ಅಂತ ಹೊರಗೆ.

ಹಾವು ಅಂದುಕೊಂಡ. ಹಾವು ಬುಸುಗುಟ್ಟಿದರೆ ಹೊರಗೆ ಮಾತ್ರ. ಇದು ಒಳಗೂ ಹೊರಗೂ. ಮೇಲಾಗಿ ಒಳಗೆ ಎಳೆಯುವಾಗ ಕರಕರ ಅಂತಿತ್ತು. ಊಟದಲ್ಲಿ ಮಣ್ಣು ಸಿಕ್ಕರೆ ಹಲ್ಲಿನ ನಡುವೆ ಅನ್ನುತ್ತಲ್ಲ, ಹಾಗೆ. ಸದ್ದು ಮರದ ಮೇಲಿಂದ ಬರ್ತಿರಲಿಲ್ಲ. ಬಾವಿಯಿಂದಲೂ ಅಲ್ಲ. ಹಿಂದಿನ ದಿನ ಅವನೇ ಕೈಯಾರೆ ಮುಚ್ಚಿದ್ದ ಕುಣಿಯಿಂದ ಬರ್ತಿತ್ತು.

ಆ ಕುಣಿಯಲ್ಲಿ ಹೆಣ ಇರಲಿಲ್ಲ. ಅದರಲ್ಲಿ ಇದ್ದದ್ದು ಒಂದು ಚೆಂಡು. ಕಾಲಿನಲ್ಲಿ ಆಡುವ ತೊಗಲಿನ ಚೆಂಡು.

ಯಾರೂ ನಗಲಿಲ್ಲ ತಾನೆ? ಸರಿ. ಹಾಗಾದರೆ ಮೊದಲಿಂದ ಹೇಳ್ತೀನಿ.

ನಮ್ಮ ಕೇರಿಯಲ್ಲಿ ನರಸಣ್ಣ ಅಂತ ಒಬ್ಬ ಇದ್ದ. ಚಪ್ಪಲಿ, ಬಾರುಕೋಲು, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ, ಏನು ಕೊಟ್ಟರೂ ಹೊಲೀತಿದ್ದ. ಅವನು ಹೊಲಿದ ಚೀಲದಿಂದ ಹನಿ ನೀರು ಸೋರಿದ್ದನ್ನು ಯಾರೂ ನೋಡಿಲ್ಲ. ಹೆಂಡತಿ ಹೆರಿಗೆಯಲ್ಲಿ ಹೋದಳು. ಹುಟ್ಟಿದ ಗಂಡುಮಗುವನ್ನು ಆಡಿನ ಹಾಲು ಕುಡಿಸಿ ಅವನೇ ಸಾಕಿದ. ಆ ಮಗನೇ ಗಾಳೆಪ್ಪ.

ಲಿಂಗಸುಗೂರು ಛಾವಣಿಯ ಮೈದಾನದಲ್ಲಿ ಅಧಿಕಾರಿಗಳೂ ಪೊಲೀಸರೂ ಫುಟ್‌ಬಾಲ್ ಆಡ್ತಿದ್ದರು. ಚೆಂಡು ಹರಿದರೆ ಹೊಲಿಯೋಕೆ ಬರೋದು ನರಸಣ್ಣನ ಹತ್ತಿರ. ಹೊಲಿದದ್ದು ಗಟ್ಟಿಯಾಯ್ತೋ ಇಲ್ಲವೋ ಅಂತ ಒದ್ದು ನೋಡುವ ಕೆಲಸ ಮಗನದು. ಒದ್ದು ಒದ್ದು ಹುಡುಗನ ಕಾಲು ಎಂಥದ್ದಾಯ್ತು ಅಂದರೆ, ಹದಿನೆಂಟು ತುಂಬೋದರೊಳಗೆ ಚೆಂಡು ತಲುಪಿಸೋಕೆ ಹೋದವನನ್ನು ಅವರೇ ಆಟಕ್ಕೆ ಕರೆದುಕೊಂಡರು. ಬರಿಗಾಲು. ಎಡಗಡೆಯ ಅಂಚು ಹಿಡಿದು ಓಡ್ತಿದ್ದ. ಗೋಲಿನಲ್ಲಿ ನಿಲ್ಲೋಕೆ ನಮ್ಮ ಬಸ್ಸಪ್ಪಣ್ಣನನ್ನೂ ಎಳೆದುಕೊಂಡು ಹೋದ. ಮುದಗಲ್ಲಿನಲ್ಲಿ ಆಡುವಾಗ ಜನ ಕೋಟೆ ಗೋಡೆ ಹತ್ತಿ ಕೂತು ನೋಡಿದರಂತೆ. ಗೆದ್ದ ದಿನ ಎಲ್ಲರ ಕೈಯೂ ಅವನ ಹೆಗಲ ಮೇಲೆ. ನೀರು ಕುಡಿಯೋ ಹೊತ್ತಿಗೆ ಮಾತ್ರ ಅದೇ ಕೈಗಳು ಮೇಲಿನಿಂದ ಬೊಗಸೆಗೆ ಸುರೀತಿದ್ದವು. ಅವನು ಅದಕ್ಕೂ ನಗ್ತಿದ್ದ. ನನಗೆ ಇವತ್ತಿಗೂ ನಗು ಬರೋದಿಲ್ಲ.

ಹೈದರಾಬಾದಿನ ಪಲ್ಟನ್ನಿನ ಒಬ್ಬ ದೊಡ್ಡ ಅಧಿಕಾರಿ ಅವನ ಆಟ ನೋಡಿದ. ಪಲ್ಟನ್ನಿಗೆ ಬಾ ಅಂದ. ಹೆಸರಿಗೆ ಮೋಚಿ ಕೆಲಸ, ಸಿಪಾಯಿಗಳ ಬೂಟು ಹೊಲಿಯೋದು. ನಿಜವಾದ ಕೆಲಸ ಸಂಜೆ ಮೈದಾನದಲ್ಲಿ. ಗಾಳೆಪ್ಪ ಎರಡು ವರ್ಷ ಅಲ್ಲಿ ಆಡಿದ. ನಡುವೆ ಊರಿಗೆ ಬಂದು ತುರ್ವಿಹಾಳದ ಅಮರಮ್ಮನನ್ನು ಮದುವೆಯಾದ. ಮೂರನೇ ವರ್ಷ ಕಲಕತ್ತಾಕ್ಕೆ ಆಡಲು ಹೋಗುವ ತಂಡದಲ್ಲಿ ಅವನ ಹೆಸರು ಬಂತು. ಅಲ್ಲಿ ಆಡಿದರೆ ಇಡೀ ಹಿಂದೂಸ್ತಾನ ಹೆಸರು ಹಿಡಿದು ಕರೀತದೆ ಅಂತ ಬಸ್ಸಪ್ಪಣ್ಣನಿಗೆ ಕಾಗದ ಬರೆಸಿದ್ದ. ಅಷ್ಟರಲ್ಲಿ ಲಡಾಯಿ. ರೈಲು ಹೊರಟದ್ದೇನೋ ಖರೆ... ಕಲಕತ್ತಾಕ್ಕಲ್ಲ. ಹಡಗು ಹತ್ತಿಸಿ ಮಲಯಾ ಕಡೆ ಕಳಿಸುವ ಹುಕುಂ ಬಂತು. ಹೋಗೋ ಮುಂದೆ ನಾಲ್ಕು ದಿನ ರಜಾ.

ಆ ರಜದ ಕೊನೆಯ ರಾತ್ರಿ. ಹೊಸ ರಬ್ಬರಿನ ಬ್ಲ್ಯಾಡರ್ ತಂದಿದ್ದ ಗಾಳೆಪ್ಪ. ಅದೇ, ಚೆಂಡಿನ ಒಳಗೆ ಗಾಳಿ ತುಂಬುವ ಚೀಲ. ಹೊರಗಿನ ತೊಗಲು ಅಪ್ಪ ಹೊಲಿದದ್ದು. ಪಂಪು ತರೋದು ಮರೆತಿದ್ದ. ಬ್ಲ್ಯಾಡರಿನ ನಳಿಗೆಗೆ ಬಾಯಿ ಹಚ್ಚಿ ಊದಿದ. ಬಸ್ಸಪ್ಪಣ್ಣ ಎದುರಿಗೇ ಕೂತಿದ್ದ. ಮೂರು ಸಲ ದಣಿದು ನಿಲ್ಲಿಸಿದ, ಮೂರು ಸಲ ಮತ್ತೆ ಹಚ್ಚಿದ. ಕಣ್ಣು ಕೆಂಪಗಾದವು. ಆಮೇಲೆ ನಳಿಗೆಯನ್ನು ಮಡಚಿ ಮೇಣದ ದಾರದಲ್ಲಿ ಗಂಟು ಹಾಕಿ, ಒಳಗೆ ತುರುಕಿ, ಮೇಲೆ ತೊಗಲಿನ ದಾರ ಬಿಗಿದ. ಜಂತಿಗೆ ತೂಗುಹಾಕಿದ.

"ಇದನ್ನ ಯಾರೂ ಬಿಚ್ಚಬ್ಯಾಡ್ರಿ. ನಾ ಬಂದು ನಾನ ಬಿಚ್ಚತೀನಿ" ಅಂದ.

ಹೋದ.

ವರ್ಷ ತುಂಬೋದರೊಳಗೆ ತಾರು ಬಂತು. ಓದಿಸೋಕೆ ನರಸಣ್ಣ ಲಿಂಗಸುಗೂರಿಗೆ ನಡೆದು ಹೋದ. ಕಚೇರಿಯ ಮುನ್ಷಿ ಓದಿದ: ಲಾಪತಾ.

"ಹಂಗಂದ್ರ ಸತ್ತಾನಂತೇನ್ರಿ?"

"ಹಂಗ ಬರದಿಲ್ಲ."

"ಬದುಕ್ಯಾನಂತೇನ್ರಿ?"

"ಹಂಗೂ ಬರದಿಲ್ಲೋ ಮಾರಾಯ. ಸಿಕ್ಕಿಲ್ಲ ಅಂತ ಬರದಾರ."

ಅಷ್ಟೇ. ಅಲ್ಲಿಂದ ಮೂರು ವರ್ಷದ ಮೇಲಾದರೂ ಒಂದು ಅಕ್ಷರ ಬರಲಿಲ್ಲ. ಗಾಳೆಪ್ಪನ ಕಡೆಯಿಂದ ಆ ಮನೆಯಲ್ಲಿ ಉಳಿದದ್ದು ಆ ಚೆಂಡು. ಅಮರಮ್ಮ ದಿನಾ ಬೆಳಿಗ್ಗೆ ಕಸ ಹೊಡೆಯೋಕೆ ಮೊದಲು ಜಂತಿಯ ಕೆಳಗೆ ನಿಂತು, ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡೋಳು.

"ಗಟ್ಟಿ ಐತಿ ಮಾವಾ."

"ಹೂಂ ಬೇ" ಅನ್ನೋನು ನರಸಣ್ಣ.

ಚೆಂಡು ಆಡಿದವರು ಯಾರಾದರೂ ಇದ್ದರೆ ಹೇಳ್ರಿ. ಬಾಯಿಂದ ಊದಿದ ಗಾಳಿ ಎಷ್ಟು ದಿನ ನಿಲ್ತದೆ? ಎಂಟು ದಿನ? ಹದಿನೈದು? ಇದು ನಾಲ್ಕು ವರ್ಷ ನಿಂತಿತ್ತು. ಮುಟ್ಟಿದರೆ ಕಲ್ಲು. ಅದು ಗಟ್ಟಿ ಇರೋತನಕ ಗಂಡ ಇದ್ದಾನೆ ಅಂತ ಅವಳ ನಂಬಿಕೆ. ಬಾಯಿಬಿಟ್ಟು ಹೇಳ್ತಿರಲಿಲ್ಲ, ಆದರೆ ಮನೆಯಲ್ಲಿ ಇಬ್ಬರೂ ಬದುಕಿದ್ದು ಅದರ ಮೇಲೇ.

ಅವಳಿಗೆ ಆಗ ಇಪ್ಪತ್ತಮೂರು. ತುರ್ವಿಹಾಳದಿಂದ ಅವಳ ಅಣ್ಣ ಯಮನೂರಪ್ಪ ಬಂದ. ಕೆಟ್ಟವನಲ್ಲ. ಅಂಗಳದಲ್ಲಿ ಕೂತು ನರಸಣ್ಣನಿಗೆ ಮೆಲ್ಲಗೆ ಹೇಳಿದ.

"ಮಾವಾ, ತಂಗಿ ಮಕ ನೋಡಾಕ ಆಗವಲ್ದು. ಉಡಿಕಿ ಮಾಡಿ ಕೊಡೂಣು. ಒಂದು ಛಲೋ ಮನಿ ಐತಿ."

ನಮ್ಮಲ್ಲಿ ಗಂಡ ಸತ್ತ ಹೆಣ್ಣಿಗೆ ಎರಡನೇ ಮದುವೆ ಉಂಟು. ಅದಕ್ಕೇ ಉಡಿಕಿ ಅಂತಾರೆ. ಆದರೆ ಮೊದಲ ಗಂಡನ ಮಣ್ಣು ಆಗಿರಬೇಕು. ಮಣ್ಣಾಗದೆ ಉಡಿಕಿ ಇಲ್ಲ. ಹೆಣ ಇಲ್ಲದೆ ಮಣ್ಣು ಹೇಗೆ? ಕೇರಿಯ ಹಿರಿಯರು ಕೂತರು. ಹೆಣ ಇಲ್ಲದಿದ್ದರೆ ಅವನ ಮೈಯದು ಏನಾದರೂ ಹಾಕಿ ಮುಚ್ಚಬೇಕು, ಬರೀ ಕುಣಿ ಮುಚ್ಚಿದರೆ ಅದು ಮನೆಯ ಇನ್ನೊಬ್ಬರನ್ನು ಕೇಳ್ತದೆ ಅಂದರು. ಮನೆಯಲ್ಲಿ ಕೂದಲಿಲ್ಲ, ಉಗುರಿಲ್ಲ. ಬಟ್ಟೆ ಒಗೆದು ಒಗೆದು ಅಮರಮ್ಮ ಕೌದಿಗೆ ಹಚ್ಚಿದ್ದಳು.

"ಅವನ ಉಸಿರು ಐತಲ್ಲ..." ಅಂದ ಒಬ್ಬ ಹಿರಿಯ, ಜಂತಿ ಕಡೆ ನೋಡಿ.

ಅಮರಮ್ಮ ಒಳಗಿಂದ ಬಂದಳು. ಹಿರಿಯರ ಮುಂದೆ ಎಂದೂ ಬಾಯಿಬಿಟ್ಟವಳಲ್ಲ.

"ಮಾವಾ, ಮುಂಜಾನೆ ಮುಟ್ಟಿ ನೋಡೀನಿ. ಗಟ್ಟಿ ಐತಿ. ಗಟ್ಟಿ ಇದ್ದದ್ದನ್ನ ಹೆಂಗ ಹೂಳ್ತೀರಿ?"

ನರಸಣ್ಣ ತಲೆ ಎತ್ತಲಿಲ್ಲ. "ನಿನ್ನ ಸಲುವಾಗೇ ಬೇ... ನಾ ಇನ್ನ ಎಷ್ಟು ದಿನ? ನಾ ಹೋದ ಮ್ಯಾಲ ನಿನ್ನ ಯಾರು ನೋಡ್ತಾರ?"

ಕಾರಹುಣ್ಣಿಮೆ ಆಗಿ ಐದನೇ ದಿನ, ಮಧ್ಯಾಹ್ನ. ಚೆಂಡಿಗೆ ಬಿಳಿ ಬಟ್ಟೆ ಸುತ್ತಿದರು. ಕುಣಿ ತೋಡಿದವನು, ಇಳಿಸಿದವನು ಎರಡೂ ಬಸ್ಸಪ್ಪಣ್ಣ. ಆಳ ಮಾಡಬೇಡ ಅಂದ ನರಸಣ್ಣ, ಯಾಕೋ. ಮೊಣಕಾಲುದ್ದ ತೋಡಿದರು. ಮೊದಲ ಹಿಡಿ ಮಣ್ಣು ಬಿದ್ದಾಗ ಚೆಂಡು ಣಂಯ್ ಅಂತು, ಗಟ್ಟಿ ಚೆಂಡು ನೆಲಕ್ಕೆ ಬಿದ್ದಾಗ ಒಳಗೆ ಅನ್ನುತ್ತಲ್ಲ ಹಾಗೆ. ಎರಡನೇ ಹಿಡಿಗೂ ಅಂತು. ಆಮೇಲೆ ಅನ್ನಲಿಲ್ಲ. ಅಮರಮ್ಮನ ಬಳೆ ಒಡೆದರು.

ಇದಾದ ಮರುರಾತ್ರಿಯೇ ನಾನು ಮೊದಲಿಗೆ ಹೇಳಿದ್ದು.

ಬಸ್ಸಪ್ಪಣ್ಣ ಕುಣಿಯ ಹತ್ತಿರ ಹೋಗಿ ಮೊಣಕಾಲೂರಿದ. ಕಿವಿ ಹಚ್ಚಿದ. ಹಸಿ ಮಣ್ಣು ಬೆಚ್ಚಗಿತ್ತು.

ಸ್‌ಸ್‌ಸ್... ಕರಕರ... ಹುಫ್...

"ಗಾಳ್ಯಾ..." ಅಂದ, ತನಗೇ ಕೇಳಿಸದಷ್ಟು ಸಣ್ಣಗೆ.

ಉಸಿರು ನಿಂತಿತು.

ಆಮೇಲೆ ಒಮ್ಮೆಲೇ ಜೋರಾಯ್ತು. ಸ್‌ಸ್ ಹುಫ್, ಸ್‌ಸ್ ಹುಫ್, ಸ್‌ಸ್ ಹುಫ್... ಮೈದಾನದ ಈ ತುದಿಯಿಂದ ಆ ತುದಿಗೆ ಓಡಿ ಬಂದವನ ಹಾಗೆ. ಆರು ವರ್ಷ ಗೋಲಿನಲ್ಲಿ ನಿಂತು ಆ ಉಸಿರನ್ನು ಹತ್ತಿರದಿಂದ ಕೇಳಿದವನು ಬಸ್ಸಪ್ಪಣ್ಣ. ಯಾರದ್ದು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಚಪ್ಪಲಿ ಅಲ್ಲೇ ಬಿಟ್ಟು ಓಡಿ ಬಂದ.

ಬೆಳಿಗ್ಗೆ ನರಸಣ್ಣನ ಹತ್ತಿರ ಹೋದ. ನರಸಣ್ಣ ತೊಗಲು ಕೊಯ್ತಾ ಕೂತಿದ್ದ.

"ಕಾಕಾ... ಕುಣ್ಯಾಗ ಉಸಿರಾಡಾಕತ್ತೈತಿ."

ನರಸಣ್ಣನ ಕೈ ನಿಂತಿತು. ಬಯ್ಯಲಿಲ್ಲ, ಹುಚ್ಚೇನು ಅನ್ನಲಿಲ್ಲ.

"ಮೆಲ್ಲಕ ಮಾತಾಡು. ಅಕಿಗೆ ಕೇಳಿಸೀತು" ಅಂದ. ತೊಗಲು ಪಕ್ಕಕ್ಕಿಟ್ಟು, "ರಾತ್ರಿ ಕರಿಯಾಕ ಬಾ" ಅಂದ.

ಕೇರಿ ಮಲಗಿದ ಮೇಲೆ ಇಬ್ಬರೂ ಹೊರಟರು. ಒಂದು ಸಲಿಕೆ, ಒಂದು ಕಂದೀಲು. ಬಾವಿಯ ಹತ್ತಿರ ಬಂದು ಹಿಂತಿರುಗಿ ನೋಡಿದರೆ ಅಮರಮ್ಮ ಹಿಂದೆ ನಿಂತಿದ್ದಾಳೆ. ಅವಳಿಗೆ ಯಾರೂ ಹೇಳಿರಲಿಲ್ಲ. ಬೋಳು ಕೈ. ಅವಳನ್ನು ಮನೆಗೆ ಹೋಗು ಅನ್ನೋ ಧೈರ್ಯ ಇಬ್ಬರಿಗೂ ಆಗಲಿಲ್ಲ.

ಮೂವರೂ ಕಿವಿ ಹಚ್ಚಿದರು. ಮೂವರಿಗೂ ಕೇಳಿಸ್ತು. ಆದರೆ ಅಷ್ಟರಲ್ಲಿ ಬಹಳ ಸಣ್ಣಗಾಗಿತ್ತು. ಸ್‌ಸ್... ಅಂತ ಒಂದು ಎಳೆದರೆ ಇನ್ನೊಂದಕ್ಕೆ ನೂರು ಎಣಿಸಬೇಕು.

ಹೂತದ್ದನ್ನು ಮೇಲೆ ತೆಗೆಯೋದು ನಮ್ಮಲ್ಲಿ ಇಲ್ಲವೇ ಇಲ್ಲ. ಬಸ್ಸಪ್ಪಣ್ಣ ಸಲಿಕೆ ಹಿಡಿದು ಹಿಂದೆಮುಂದೆ ನೋಡಿದ.

"ತಗೀ ಲೇ" ಅಂದ ನರಸಣ್ಣ. "ರೂಢಿ ನಾಳೆ ನೋಡೂಣು. ಮಗ ಒಳಗ ಸಾಯಾಕತ್ಯಾನ."

ಬಸ್ಸಪ್ಪಣ್ಣನಿಗೆ ಕುಣಿ ಆಳ ಇಲ್ಲ ಅನ್ನೋದೂ ಮರೆತುಹೋಗಿತ್ತು. ಅವಸರದಲ್ಲಿ ಹಾಕಿದ ಸಲಿಕೆಯ ಅಂಚು ಚೆಂಡಿಗೇ ತಗುಲಿತು... ಸರ್ರ್ ಅಂತ ಹೊಲಿಗೆಯ ದಾರ ಹರೀತು. ಆ ಸದ್ದು ಸಾಯೋತನಕ ಅವನ ಕಿವಿ ಬಿಟ್ಟು ಹೋಗಲಿಲ್ಲ. ನನಗೆ ಎಷ್ಟೋ ಸಲ ಹೇಳಿ ಅತ್ತಿದ್ದಾನೆ.

ಅಮರಮ್ಮ ಮಣ್ಣಿನೊಳಗೆ ಎರಡೂ ಕೈ ಹಾಕಿ ಚೆಂಡು ಎತ್ತಿಕೊಂಡಳು. ಗಾಳಿ ಹೋಗಿರಲಿಲ್ಲ. ಗಟ್ಟಿಯೇ ಇತ್ತು. ಆದರೆ ಹೊಲಿಗೆ ಹರಿದ ಜಾಗದಲ್ಲಿ, ನಾಲ್ಕು ಬೆರಳಗಲ, ಒಳಗಿನ ರಬ್ಬರು ಉಬ್ಬಿ ಹೊರಗೆ ಬಂದಿತ್ತು. ಕಂದೀಲು ಹಿಡಿದು ನೋಡಿದರು. ಆ ಉಬ್ಬು ಏರ್ತಿತ್ತು... ಇಳೀತಿತ್ತು. ಮಣ್ಣಿನಿಂದ ಹೊರಗೆ ಬಂದ ಮೇಲೆ ಸರಾಗವಾಗಿ ಏರಿ ಇಳೀತಿತ್ತು.

"ಇನ್ನೂ ಅದಾರ" ಅಂದಳು ಅಮರಮ್ಮ. ಅಷ್ಟೇ ಅಂದಳು. ನಕ್ಕಳಂತೆ. ನಾಲ್ಕು ವರ್ಷದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮನೆಗೆ ತಂದರು. ಬಾಗಿಲು ಹಾಕಿದರು. ಹರಿದದ್ದನ್ನು ಹಾಗೇ ಬಿಡುವಂತಿಲ್ಲ, ಬಿಟ್ಟರೆ ರಬ್ಬರು ಇನ್ನಷ್ಟು ಉಬ್ಬಿ ಒಡೆದು ಹೋಗ್ತದೆ. ಹೊಲಿಯಲೇಬೇಕು. ಈಗ ಕೇಳ್ರಿ, ಚೆಂಡು ಹೊಲಿಯೋ ರೀತಿ ಹೇಗಂದರೆ, ಮೊದಲು ಗಾಳಿ ಬಿಟ್ಟು ಬ್ಲ್ಯಾಡರ್ ಹೊರಗೆ ತೆಗೀತಾರೆ. ಖಾಲಿ ತೊಗಲನ್ನು ಹೊಲೀತಾರೆ. ಆಮೇಲೆ ಮತ್ತೆ ಒಳಗೆ ಹಾಕಿ ಊದ್ತಾರೆ. ಇದು ನರಸಣ್ಣನಿಗೆ ಗೊತ್ತಿರಲಿಲ್ಲ ಅಂತಲ್ಲ. ಆ ಕೆಲಸ ಸುತ್ತಲಿನ ಹತ್ತು ಊರಿಗೆ ಕಲಿಸಿದವನೇ ಅವನು.

"ಕಾಕಾ, ಗಾಳಿ ಬಿಟ್ಟು ಹೊಲಿ" ಅಂದ ಬಸ್ಸಪ್ಪಣ್ಣ.

"ಬ್ಯಾಡ ಮಾವಾ" ಅಂದಳು ಅಮರಮ್ಮ. "ಬಿಚ್ಚಬ್ಯಾಡ ಅಂತ ಹೇಳಿ ಹೋಗ್ಯಾರ. ಬಿಟ್ಟದ್ದನ್ನ ಮತ್ತ ಯಾರು ತುಂಬತಾರ?"

ನರಸಣ್ಣ ಇಬ್ಬರನ್ನೂ ನೋಡಿದ. ಆರಿ ತೆಗೆದುಕೊಂಡ. ತೊಗಲು ಚುಚ್ಚುವ ಮೊನೆ ಅದು, ಹಿಡಿ ಅವನ ಕೈಗೆ ಸವೆದು ಅವನ ಕೈಯ ಆಕಾರವೇ ಬಂದಿತ್ತು. ನಲವತ್ತು ವರ್ಷ ಆ ಆರಿ ಜಾರಿದ್ದಿಲ್ಲ.

ಅಮರಮ್ಮ ಚೆಂಡು ತೊಡೆಯ ಮೇಲಿಟ್ಟು ಹಿಡಿದಳು. ಬಸ್ಸಪ್ಪಣ್ಣ ಕಂದೀಲು ಹಿಡಿದ. ಉಬ್ಬನ್ನು ಎಡಗೈ ಹೆಬ್ಬೆರಳಿನಿಂದ ಒಳಗೆ ಒತ್ತಿ ಹಿಡಿದು, ಅದು ಇಳಿದಾಗ ಒಂದು ಚುಚ್ಚು, ಏರಿದಾಗ ನಿಲ್ಲಿಸು. ಇಳಿದಾಗ ಇನ್ನೊಂದು. ಹಾಗೆ ಹೊಲಿದ. ಚುಕ್... ದಾರ ಎಳೆಯೋದು ಸರ್... ಚುಕ್... ಸರ್... ಮೂವರೂ ತಮ್ಮ ಉಸಿರು ಬಿಗಿಹಿಡಿದಿದ್ದರು. ಎಂಟು ಹೊಲಿಗೆ ಮುಗಿದವು. ಇನ್ನೊಂದೇ ಉಳಿದಿತ್ತು. ಹಣೆಯ ಬೆವರು ಕಣ್ಣಿಗೆ ಇಳೀತು ಅಂತ ನರಸಣ್ಣ ಕಣ್ಣು ಮುಚ್ಚಿ ತೆರೆದ. ಅಷ್ಟೇ ನೋಡ್ರಿ.

ಚುಕ್...

ಸುಂಯ್...

ಅಮರಮ್ಮ ತಟ್ಟನೆ ಹೊಲಿಗೆಯ ಮೇಲೆ ಅಂಗೈ ಒತ್ತಿದಳು. ಅಂಗೈ ಸಂದಿಯಿಂದ ಬಂತು. ಸೆರಗು ಒತ್ತಿದಳು. ಸೆರಗಿನಿಂದಲೂ ಬಂತು. ಬಸ್ಸಪ್ಪಣ್ಣ ಮೇಣ ತರೋಕೆ ಎದ್ದ, ಕಂದೀಲು ಉರುಳಿ ಆರಿತು. ಕತ್ತಲೆಯಲ್ಲಿ ಆ ಸದ್ದು ಮಾತ್ರ... ಸುಂಯ್... ಒಂದು ಚೆಂಡಿನ ಗಾಳಿ ಎಷ್ಟು ಹೊತ್ತು ಹೋದೀತು? ಇದು ಮೊದಲ ಕೋಳಿ ಕೂಗೋತನಕ ಹೋಯ್ತು. ಕೊನೆಗೆ ಅಮರಮ್ಮ ತಡೆಯೋದು ಬಿಟ್ಟಳು. ಚೆಂಡಿಗೆ ಕೆನ್ನೆ ಹಚ್ಚಿ ಕೂತಳು. ಹೊರಗೆ ಬರೋದಾದರೂ ತನ್ನ ಮೈಗೆ ತಾಗಿ ಹೋಗಲಿ ಅಂತಲೋ ಏನೋ. ನರಸಣ್ಣ ಆರಿ ಕೈಯಲ್ಲಿ ಹಿಡಿದೇ ಕೂತಿದ್ದ. ಬೆಳಗಾದ ಮೇಲೆ ಬಸ್ಸಪ್ಪಣ್ಣ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯ್ತು.

ಅದಾಗಿ ಒಂದೂವರೆ ತಿಂಗಳಿಗೆ ಲಡಾಯಿ ಮುಗೀತು. ಒಂದೂವರೆ ತಿಂಗಳು!

ಹೋದವರು ಒಬ್ಬೊಬ್ಬರೇ ತಿರುಗಿ ಬಂದರು. ಲಾಪತಾ ಆದವರೂ ಬಂದರು. ಜಪಾನಿನವರ ಕೈಗೆ ಸಿಕ್ಕು ಸೆರೆಯಲ್ಲಿದ್ದರು ಅಂತ ಆಗ ತಿಳೀತು. ಅಮರಮ್ಮ ಉಡಿಕಿಗೆ ಒಪ್ಪದೆ ದಿನಾ ದಾರಿಗೆ ಬಂದು ನಿಂತಳು. ನರಸಣ್ಣನೂ ನಿಂತ. 'ಅದು ಬರೀ ಗಾಳಿ ಬೇ, ಚೆಂಡಿನ ಗಾಳಿ' ಅಂತ ಅವಳಿಗೆ ಹೇಳ್ತಿದ್ದ. ತನಗೆ ತಾನೇ ಹೇಳಿಕೊಳ್ತಿದ್ದ ಅನ್ನಿಸ್ತದೆ ನನಗೆ.

ಮರುವರ್ಷ ಯುಗಾದಿ ಮುಂದೆ ಮುದಗಲ್ಲಿನ ಮಸ್ತಾನಸಾಬ ಮನೆ ಹುಡುಕಿಕೊಂಡು ಬಂದ. ಗಾಳೆಪ್ಪನ ಪಲ್ಟನ್ನಿನ ಸಿಪಾಯಿ. ಒಣಗಿದ ಕಟ್ಟಿಗೆಯ ಹಾಗೆ ಆಗಿದ್ದ. ನಾನು ಬಸ್ಸಪ್ಪಣ್ಣನ ಜೊತೆ ಅಲ್ಲೇ ಅಂಗಳದಲ್ಲಿದ್ದೆ. ಆರಿಯ ವಿಚಾರ ಮಸ್ತಾನಸಾಬನಿಗೆ ಏನೂ ಗೊತ್ತಿಲ್ಲ. ಬಸ್ಸಪ್ಪಣ್ಣ ನನಗೊಬ್ಬನಿಗೆ ಹೇಳಿದ್ದ, ಆಗಿನ್ನೂ ನಮ್ಮ ನಾಲ್ವರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ನೀರು ಕುಡಿದ. ನರಸಣ್ಣನ ಕೈ ಹಿಡಿದುಕೊಂಡ. "ಚಾಚಾ, ನಿಮ್ಮ ಮಗ ಮೂರೂವರಿ ವರ್ಷ ನನ್ನ ಮಗ್ಗಲದಾಗ ಮಕ್ಕೊಂಡಾನ" ಅಂದ. ಸೆರೆಯಲ್ಲಿ ಗಾಳೆಪ್ಪ ಹರಿದ ಬೂಟು ಕೂಡಿಸಿ ಒಂದು ಚೆಂಡು ಹೊಲಿದಿದ್ದನಂತೆ. ಒಳಗೆ ತೆಂಗಿನ ನಾರು ತುಂಬಿ. ಜ್ವರ ಬಂದು ದಿನಾ ಜನ ಸಾಯ್ತಿದ್ದರೂ ಇವನಿಗೆ ಏನೂ ಆಗಲಿಲ್ಲ. ಊರಿಗೆ ಹೋಗಿ ಕಲಕತ್ತಾದ ಆಟ ಆಡಬೇಕು, ಅಷ್ಟರೊಳಗೆ ಕಾಲು ಮರೀಬಾರದು ಅಂತ ಬೇಲಿಯೊಳಗೇ ಅದನ್ನು ಒದ್ದುಕೊಂಡು ಇರ್ತಿದ್ದನಂತೆ.

"ಆಮ್ಯಾಲ?" ಅಂದ ನರಸಣ್ಣ.

"ಅಲ್ಲಿ ತಾರೀಖ ಯಾರಿಗೆ ಗೊತ್ತು ಚಾಚಾ, ಚಂದ್ರನ್ನ ನೋಡಿ ಎಣಸ್ತಿದ್ವಿ. ರಜಬ್ ತಿಂಗಳ ಹುಣ್ಣಿವಿ, ನಿಮ್ಮ ಕಾರಹುಣ್ಣಿವಿ, ಆಗಿ ಐದನೇ ದಿನ. ಮಧ್ಯಾಹ್ನ. ಛಲೋ ಕುಂತಾಂವ ಒಮ್ಮಿಗೇ ಕುತ್ತಿಗಿ ಹಿಡಕೊಂಡ. ಬಾಯಿತುಂಬ ಮಣ್ಣು ಬಂತಲೇ ಮಸ್ತಾನ, ಅಂದ. ಬಾಯಿ ತಗದು ನೋಡಿದ್ರ ಏನೂ ಇಲ್ಲ. ಎರಡು ದಿನ ಹಂಗ ಕರಕರ ಉಸಿರು."

ಅಮರಮ್ಮ ಬಾಗಿಲ ತೋಳು ಹಿಡಿದಳು.

"ಏಳನೇ ರಾತ್ರಿ ಎದ್ದು ಕುಂತ್ನೋಡ್ರಿ. ಗಾಳಿ ಬಂತು ಅಂದ. ಗಂಜಿ ಕೇಳಿದ. ನಕ್ಕ. ನಾ ಅಲ್ಲಾಗ ಕೈ ಮುಗದೆ, ಉಳದಾ ಅಂತ. ಅಷ್ಟರಾಗ... ಹಾಂ ಅಂತ ಎದಿ ಮುಟ್ಟಿಕೊಂಡ. ಏನೋ ಚುಚ್ಚಿತು ಅಂದ. ಅಂಗಿ ತಗದು ನೋಡಿದ್ರ ಮುಳ್ಳು ಚುಚ್ಚಿದಂಗ ಒಂದು ತೂತು, ರಕ್ತನೂ ಇಲ್ಲ. ಬೆಳತನಾ ಉಸಿರು ಹೊರಗ ಹೊಂಟಿತ್ತು, ಒಳಗ ತಗೊಳ್ಳಲೇ ಇಲ್ಲ."



"ಯಾವ ಮಗ್ಗಲಾ?" ಅಂದ ನರಸಣ್ಣ.

"ಎಡಕ್ಕ ಚಾಚಾ. ಪಕ್ಕೆಲುಬಿನ ಸಂದ್ಯಾಗ."

ಮುಂದೆ ಏನಾಯ್ತು ಅಂತ ಆಮೇಲೆ ಕೇಳಬೇಡ್ರಿ, ಈಗಲೇ ಹೇಳಿಬಿಡ್ತೀನಿ. ಅಮರಮ್ಮ ಆ ವಾರವೇ ಅಣ್ಣನ ಬಂಡಿ ಹತ್ತಿ ತುರ್ವಿಹಾಳಕ್ಕೆ ಹೋದಳು. ಉಡಿಕಿ ಆಯ್ತು, ಎರಡು ಮಕ್ಕಳೂ ಆದವು ಅಂತ ಕೇಳಿದ್ದೇವೆ, ಯಾರ ಜೊತೆಗೂ ಹೆಚ್ಚು ಮಾತಿಲ್ಲವಂತೆ. ನರಸಣ್ಣ ಆಮೇಲೆ ತೊಗಲು ಮುಟ್ಟಲಿಲ್ಲ, ಊಟ ಬಿಟ್ಟ, ಮುಂದಿನ ಕಾರಹುಣ್ಣಿಮೆ ಕಾಣಲಿಲ್ಲ. ಅವನ ಮಣ್ಣೂ ಬಸ್ಸಪ್ಪಣ್ಣನೇ ಮಾಡಿದ.

ಆದರೆ ಅವತ್ತು ಮಸ್ತಾನಸಾಬ ಇನ್ನೂ ಕೂತಿದ್ದಂತೆಯೇ ನರಸಣ್ಣ ಎದ್ದು ಒಳಗೆ ಹೋದ. ಚಪ್ಪಟೆಯಾದ ಚೆಂಡು ತಂದು ಎಲ್ಲರ ನಡುವೆ ಇಟ್ಟ. ಆ ರಾತ್ರಿ ಆದದ್ದನ್ನೆಲ್ಲ ಮಸ್ತಾನಸಾಬನಿಗೆ ಬಾಯಿಬಿಟ್ಟು ಹೇಳಿದ. ಆಮೇಲೆ, "ನಾ ಕೊಂದೀನಿ. ತೂತು ತೋರಸ್ತೀನಿ, ನೋಡ್ರಿ. ನನ್ನ ಕೈಯಿಂದ ಆದದ್ದು ನಾಲ್ಕು ಮಂದಿ ನೋಡಬೇಕು" ಅಂದ.

ತೊಗಲಿನ ದಾರ ಬಿಚ್ಚೋಕೆ ಅವನ ಕೈ ಬರಲಿಲ್ಲ. ಅಮರಮ್ಮ ಮುಂದೆ ಬಂದು ಕೂತಳು.

"ನಾ ಬಿಚ್ಚತೀನಿ ಮಾವಾ. ಇನ್ನ ಯಾರ ಬರೂದೈತಿ?"

ಬಿಚ್ಚಿದಳು. ಬ್ಲ್ಯಾಡರ್ ಹೊರಗೆ ತೆಗೆದಳು. ಗಂಡ ಹಾಕಿದ ಮೇಣದ ದಾರದ ಗಂಟು ಹಾಗೇ ಬಿಗಿಯಾಗಿತ್ತು. ಅದನ್ನು ಹಲ್ಲಿನಿಂದ ಬಿಡಿಸಿದಳು. ಆಮೇಲೆ ಅವನು ಬಾಯಿ ಹಚ್ಚಿದ್ದ ಅದೇ ನಳಿಗೆಗೆ ಬಾಯಿ ಹಚ್ಚಿ ಊದಿದಳು. ಕಣ್ಣಿಂದ ನೀರು ಇಳೀತಿತ್ತು, ಒರೆಸಿಕೊಳ್ಳದೆ ಊದಿದಳು. ತುಂಬಿತು. ನಳಿಗೆ ಮಡಚಿ ಬಿಗಿಯಾಗಿ ಹಿಡಿದು ನನ್ನ ಕೈಗೆ ಕೊಟ್ಟಳು. ತೂತು ಹುಡುಕೋದಕ್ಕೆ ನೀರಲ್ಲಿ ಮುಳುಗಿಸಬೇಕಲ್ಲ, ಮುಳುಗಿಸೋಕೆ ಬೇರೆ ಯಾರ ಕೈಯೂ ಏಳಲಿಲ್ಲ.

ಅಗಲ ಬಾಯಿಯ ಬಾನಿಯಲ್ಲಿ ಬಾವಿಯ ತಿಳಿ ನೀರಿತ್ತು. ಮುಳುಗಿಸಿದೆ. ತಿರುಗಿಸಿದೆ. ಒತ್ತಿದೆ. ಇನ್ನೊಂದು ಮಗ್ಗುಲು ಮಾಡಿ ಒತ್ತಿದೆ. ಮಸ್ತಾನಸಾಬ, ಬಸ್ಸಪ್ಪಣ್ಣ, ನರಸಣ್ಣ ಮೂವರೂ ಬಾನಿಯ ಮೇಲೆ ಬಗ್ಗಿದ್ದರು. ನಾಲ್ಕು ಸಲ ನೋಡಿದೆವು.

ತೂತು ಇರಲಿಲ್ಲ.

ಈ ಎರಡು ಕೈಯಿಂದ ಒತ್ತಿ ಹಿಡಿದದ್ದು ನಾನು. ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ... ನೀರಿನಲ್ಲಿ ಒಂದೇ ಒಂದು ಗುಳ್ಳೆ ಏಳಲಿಲ್ಲ.